ತೋಟದ ಮನೆಗೆ ಯಾವ ನೆಟ್? ಮೊಬೈಲ್, 5ಜಿ ಡಬ್ಬಿ, ಫೈಬರ್: ಬಳಸಿ ನೋಡಿದ ಹೋಲಿಕೆ

ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ನಮ್ಮ ಕೇರಿಗೆ ಇಂಟರ್ನೆಟ್ ಬೇಕೆಂದರೆ ಈಗ ಮೂರು ದಾರಿ ಇವೆ. ಮೊಬೈಲ್ ಹಾಟ್‌ಸ್ಪಾಟ್, ಮಾಡಿನ ಮೇಲೆ ಡಬ್ಬಿ ಕೂರಿಸುವ 5ಜಿ ವೈಫೈ, ಮತ್ತೆ ಕೇಬಲ್‌ನವರು ಎಳೆದುಕೊಡುವ ಫೈಬರ್. ಮೂರನ್ನೂ ನಾನು ದುಡಿಮೆಗೇ ಬಳಸಿದ್ದೇನೆ. ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರದ ಕೆಲಸ ಮನೆಯಿಂದಲೇ ಮಾಡುತ್ತೇನೆ. ಆಯಿ ಮಾಡುವ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳಕ್ಕೆ ಆರ್ಡರ್ ಬರುವುದೂ ಇದರ ಮೇಲೇ. ಹಾಗಾಗಿ ಸಿನಿಮಾ ಎಷ್ಟು ಬೇಗ ಇಳಿಯುತ್ತದೆ ಅನ್ನುವುದು ನನಗೆ ಮುಖ್ಯವಲ್ಲ. ಯಾವ ನೆಟ್‌ನಿಂದ ಊರಿಗೆ ನಾಲ್ಕು ಕಾಸು ಬರುತ್ತದೆ ಅಂತ ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೊಬೈಲ್. ನಮ್ಮ ಕಡೆ ತೋಟ ಇರುವುದು ತಗ್ಗಿನಲ್ಲಿ, ಮನೆ ತೋಟದ ತಲೆಗೇ, ಟವರ್ ಮಾತ್ರ ಗುಡ್ಡದ ಆಚೆ. ಮನೆಯೊಳಗೆ ಎರಡು ಕಡ್ಡಿ ಸಿಗ್ನಲ್ ಬಂದರೆ ಪುಣ್ಯ. ಇಷ್ಟರಲ್ಲೂ ವಾಟ್ಸಾಪ್ ನಡೆಯುತ್ತದೆ, ಯುಪಿಐ ನಡೆಯುತ್ತದೆ, ಸಂಜೆ ಚಾಲಿ, ರಾಶಿ ಅಡಿಕೆಯ ರೇಟು ತಿಳಿಯುತ್ತದೆ. ಇದೇನೂ ಸಣ್ಣದಲ್ಲ. ಉತ್ತರ ಕೇರಳದ ಕಡಲತೀರಕ್ಕೆ 1997ರಿಂದ 2001ರ ನಡುವೆ ಮೊಬೈಲ್ ಬಂದಾಗ ಏನಾಯಿತು ಅಂತ ಒಂದು ಅಧ್ಯಯನ ನಡೆದಿತ್ತು. ಭೂತಾಯಿ ಮೀನು ಹಿಡಿಯುವವರು ದೋಣಿಯಿಂದಲೇ ಯಾವ ದಕ್ಕೆಯಲ್ಲಿ ರೇಟು ಚೆನ್ನಾಗಿದೆ ಅಂತ ಕೇಳತೊಡಗಿದರು. ಅವರ ಲಾಭ ಸರಾಸರಿ ಶೇ. 8ರಷ್ಟು ಹೆಚ್ಚಿತು, ಕೊಳ್ಳುವವರಿಗೆ ಬೆಲೆ ಶೇ. 4ರಷ್ಟು ಇಳಿಯಿತು, ಮೀನು ಸುಮ್ನೆ ಹಾಳಾಗುವುದು ನಿಂತಿತು. ಅದಕ್ಕೆ ಬರೀ ಮಾತಾಡುವ ಫೋನ್ ಸಾಕಾಗಿತ್ತು.

ಆದರೆ ನೆಟ್ ಮೇಲೆ ಕೂತು ಕೆಲಸ ಮಾಡುವವರಿಗೆ ಮೊಬೈಲ್ ಸಾಲುವುದಿಲ್ಲ. ತೊಂದರೆ ಇರುವುದು ಅಪ್‌ಲೋಡ್‌ನಲ್ಲಿ, ಅಂದರೆ ನಮ್ಮ ಕಡೆಯಿಂದ ಹೊರಗೆ ಕಳಿಸುವುದರಲ್ಲಿ. ಟವರ್ ಹತ್ತಾರು ವ್ಯಾಟ್‌ಗಳಲ್ಲಿ ಸಿಗ್ನಲ್ ಬಿಡುತ್ತದೆ, ನಮ್ಮ ಫೋನ್ ಬಿಡುವುದು ಹೆಚ್ಚೆಂದರೆ 0.2 ವ್ಯಾಟ್‌ನ ಆಸುಪಾಸು. ಗುಡ್ಡದ ಮೇಲಿಂದ ಕೂಗಿದ್ದು ಕೆಳಗಿನ ತೋಟಕ್ಕೆ ಕೇಳುತ್ತದೆ, ತೋಟದಲ್ಲಿ ಪಿಸುಗುಟ್ಟಿದ್ದು ಮೇಲೆ ಕೇಳುವುದಿಲ್ಲ, ಅಲ್ವಾ? ಹಾಗಾಗಿ ವಿಡಿಯೊ ನೋಡಲು ಬರುತ್ತದೆ, ಮೀಟಿಂಗ್‌ನಲ್ಲಿ ನಮ್ಮ ಮುಖ ಮಾತ್ರ ಅಲ್ಲೇ ನಿಂತುಬಿಡುತ್ತದೆ. ಹಪ್ಪಳದ ಫೋಟೊ ಏರಿಸಲು ಕೂತರೆ ಆ ವೃತ್ತ ತಿರುಗುತ್ತಲೇ ಇರುತ್ತದೆ. ಮೊಬೈಲ್ ನೆಟ್‌ನಲ್ಲಿ ಸಾಮಾನು ತರಿಸುವುದು ಸುಲಭ, ನಮ್ಮ ಸಾಮಾನನ್ನು ಹೊರಗಿನವರಿಗೆ ತೋರಿಸಿ ಮಾರುವುದು ಕಷ್ಟ. ಊರಿನಿಂದ ದುಡ್ಡು ಹೊರಗೆ ಹೋಗಲು ಬೇಕಾದಷ್ಟು ಸ್ಪೀಡ್ ಇದೆ, ಒಳಗೆ ಬರಲು ಇಲ್ಲ.

5ಜಿ ಡಬ್ಬಿಯ ಬಗ್ಗೆ ನನಗೆ ತುಂಬ ಆಸೆ ಇತ್ತು. ತಂತಿ ಬೇಡ, ಕಂಬ ಬೇಡ, ಅರ್ಧ ದಿನದಲ್ಲಿ ಕೂರಿಸಿ ಹೋಗುತ್ತಾರೆ. ಪೇಟೆಯಲ್ಲಿರುವ ಭಾವನ ಮನೆಯಲ್ಲಿ ನೋಡಿದ್ದೆ, ಬಹಳ ಚೆನ್ನಾಗಿ ಓಡುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ ಪರವಾಗಿಲ್ಲ ಅನ್ನಿಸಿತು. ಆದರೆ 3,300 ಮೆಗಾಹರ್ಟ್ಸ್ ಪಟ್ಟಿಯ 5ಜಿ ಸಿಗ್ನಲ್‌ಗೆ ಮರದೆಲೆಯೇ ದೊಡ್ಡ ಅಡ್ಡ, ಅದೂ ಒದ್ದೆ ಎಲೆಯಾದರೆ ಕೇಳುವುದೇ ಬೇಡ. ಮಳೆಗಾಲ ಹಿಡಿಯಿತು ನೋಡಿ, ಡಬ್ಬಿ 5ಜಿ ಬಿಟ್ಟು 4ಜಿಗೆ ಇಳಿಯಿತು. ಕಸ್ಟಮರ್ ಕೇರ್‌ನವರು ಮಾತ್ರ ‘ಮ್ಯಾಪ್‌ನಲ್ಲಿ ನಿಮ್ಮೂರಿಗೆ ಕವರೇಜ್ ಇದೆ’ ಅನ್ನುತ್ತಲೇ ಇದ್ದರು. ನಿಮ್ಮ ಮನೆಯ ಮಾಡಿನಿಂದ ಟವರ್ ಕಣ್ಣಿಗೆ ಕಾಣುವುದಾದರೆ ಧೈರ್ಯವಾಗಿ ಹಾಕಿಸಿ. ಕಾಣದಿದ್ದರೆ ಬೇಡ.

ಈಗ ಫೈಬರ್. ಡೌನ್‌ಲೋಡ್ ಎಷ್ಟೋ ಅಪ್‌ಲೋಡ್ ಕೂಡ ಹೆಚ್ಚುಕಮ್ಮಿ ಅಷ್ಟೇ. ನಮ್ಮದು ತಿಂಗಳಿಗೆ 499 ರೂಪಾಯಿಯ ಪ್ಲಾನ್, ಶೇ. 18 ಜಿಎಸ್‌ಟಿ ಸೇರಿ 589 ಆಗುತ್ತದೆ. ವಿಡಿಯೊ ಮೀಟಿಂಗಿಗೆ ಬೇಕಾಗುವುದು ಎರಡು-ಮೂರು ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಸ್ಪೀಡ್ ಅಷ್ಟೇ, ಆದರೆ ಅದು ನಡುವೆ ಕೈಕೊಡಬಾರದು. ಫೈಬರ್ ಹಾಗೆ ಕೈಕೊಡುವುದಿಲ್ಲ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ, ಹಳೇ ತಾಮ್ರದ ಟೆಲಿಫೋನ್ ಲೈನಿನಂತೆ ಸಿಡಿಲು ಹೊಡೆದಾಗಲೆಲ್ಲ ಮೋಡೆಮ್ ಸುಡುವ ಕಾಟವೂ ಕಡಿಮೆ.

ಹಾಗಂತ ತೊಂದರೆ ಇಲ್ಲವೆಂದಲ್ಲ. ಗಾಳಿಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಫೈಬರ್ ಮೋಡೆಮ್‌ನಲ್ಲಿ, ಸಿಗ್ನಲ್ ಕಡಿದಿದೆ ಅಂತ ಹೇಳುವ ‘ಲಾಸ್’ ಲೈಟು ಕೆಂಪಾಗುತ್ತದೆ, ಆಟ ಮುಗಿಯಿತು. ಆಮೇಲೆ ಲೈನ್ ಹುಡುಗ ಬರಬೇಕು. ಆಷಾಢದ ಮಳೆಯಲ್ಲಿ ಅವನು ಕೆಲಸ ಮಾಡುವುದನ್ನು ಕೊಡೆ ಹಿಡಿದು ನಿಂತು ನೋಡಿದ್ದೇನೆ. ಮೇಲಿನ ಕವಚ ಸುಲಿದು, 0.125 ಮಿಲಿಮೀಟರ್ ದಪ್ಪದ ಗಾಜಿನ ಎಳೆಯನ್ನು ಸ್ಪಿರಿಟ್‌ನಲ್ಲಿ ಒರೆಸುತ್ತಾನೆ. ತುದಿಯನ್ನು ನೇರ ಕತ್ತರಿಸಿ ಎರಡೂ ಕಡೆಯದನ್ನು ಸ್ಪ್ಲೈಸಿಂಗ್ ಮಷಿನ್‌ನಲ್ಲಿ ಕೂರಿಸುತ್ತಾನೆ. ಪುಟ್ಟ ಪರದೆಯ ಮೇಲೆ ಎರಡು ಎಳೆ ಎದುರುಬದುರು ಬಂದು, ಒಂದು ಕಿಡಿಗೆ ಬೆಸೆದುಕೊಳ್ಳುತ್ತವೆ. ಒಂದು ಹನಿ ನೀರು, ಒಂದು ಕಣ ಧೂಳು ಸೇರಿದರೂ ಮತ್ತೆ ಮೊದಲಿನಿಂದ. ಇಷ್ಟು ನಾಜೂಕಿನ ಕೆಲಸವನ್ನು ಇಂಬಳ ಕಚ್ಚಿಸಿಕೊಂಡು ಮಾಡುವವನಿಗೆ ನಾವು ಒಂದು ಲೋಟ ಚಹಾ ಕೊಟ್ಟು ಕಳಿಸುತ್ತೇವೆ. ಊರಿನ ನೆಟ್ ನಿಂತಿರುವುದೇ ಅವನ ಮೇಲೆ. ಫೈಬರ್ ಹಾಕಿಸುವ ಮೊದಲು ಪ್ಲಾನಿನ ಸ್ಪೀಡ್ ಕೇಳುವುದಕ್ಕಿಂತ, ಲೈನ್ ಹುಡುಗನ ಮನೆ ಎಲ್ಲಿ, ಮಷಿನ್ ಸ್ವಂತದ್ದಾ, ಕರೆಂಟ್ ಹೋದಾಗ ಆಪರೇಟರ್ ಕಡೆಯ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಕೇಳಿ. ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದು ಆಚೆ ತುದಿಯಲ್ಲಿ ಬ್ಯಾಟರಿ ಸತ್ತರೆ ಪ್ರಯೋಜನವಿಲ್ಲ.

ಉಪಗ್ರಹದ ಇಂಟರ್ನೆಟ್ ಬಗ್ಗೆಯೂ ಜನ ಕೇಳುತ್ತಾರೆ. 2025ರ ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೆ ಟೆಲಿಕಾಂ ಇಲಾಖೆಯ ಲೈಸೆನ್ಸ್ ಸಿಕ್ಕಿತು. ನಾನು ಬಳಸಿ ನೋಡಿಲ್ಲ, ಆದ್ದರಿಂದ ಇಲ್ಲಿ ಸೇರಿಸಿಲ್ಲ.

ನೂರು ಜನರಿಗೆ ಹತ್ತು ಬ್ರಾಡ್‌ಬ್ಯಾಂಡ್ ಸಂಪರ್ಕ ಹೆಚ್ಚಾದರೆ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಆರ್ಥಿಕ ಬೆಳವಣಿಗೆ 1.38 ಶೇಕಡಾ ಅಂಶದಷ್ಟು ಹೆಚ್ಚುತ್ತದೆ ಅಂತ ವಿಶ್ವಬ್ಯಾಂಕ್ 2009ರಲ್ಲಿ ಅಂದಾಜು ಮಾಡಿತ್ತು. ಅದು ದೇಶದ ಲೆಕ್ಕ. ನಮ್ಮ ಕೇರಿಯ ಲೆಕ್ಕ ಬೇರೆ ರೀತಿ ಕಾಣುತ್ತದೆ. ಫೈಬರ್ ಇರುವ ಮನೆಗೆ ಬೆಂಗಳೂರಿನ ಸಂಬಳ ಬರುತ್ತದೆ, ಆ ದುಡ್ಡು ತೋಟದ ಆಳಿಗೆ, ಅಂಗಡಿಗೆ, ಹಾಲು ಹಾಕುವವರಿಗೆ, ಆಟೋಕ್ಕೆ ಹಂಚಿಹೋಗುತ್ತದೆ. ಹೋಂಸ್ಟೇ ಮಾಡಿದ ಮನೆಗೆ ‘ವೈಫೈ ಇದೆಯಾ’ ಅಂತ ಮೊದಲೇ ಫೋನ್ ಬರುತ್ತದೆ. ಇಲ್ಲ ಅಂದರೆ ಅವರು ಬೇರೆ ಮನೆ ಹುಡುಕುತ್ತಾರೆ. ವಯಸ್ಸಾದವರಿಬ್ಬರೇ ಉಳಿದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಮಗನೋ ಸೊಸೆಯೋ ವಾಪಸ್ ಬಂದು ಇಲ್ಲೇ ಕೂತು ಕೆಲಸ ಮಾಡುವಂತಾದರೆ ಆ ತೋಟ ಹಾಳು ಬೀಳುವುದಿಲ್ಲ. ನನಗೆ ಈ ವಿಷಯದಲ್ಲಿ ಇಷ್ಟು ಕಾಳಜಿ ಇರುವುದು ಇದಕ್ಕೇ.

ಸರ್ಕಾರದ ಲೆಕ್ಕದಲ್ಲಿ 2023ರ ಜನವರಿಯಿಂದ 2 ಎಂಬಿಪಿಎಸ್ ಡೌನ್‌ಲೋಡ್ ಇದ್ದರೆ ಅದು ಬ್ರಾಡ್‌ಬ್ಯಾಂಡ್, ಅದಕ್ಕೂ ಮೊದಲು 512 ಕೆಬಿಪಿಎಸ್, ಅಂದರೆ ಸುಮಾರು ಅರ್ಧ ಎಂಬಿಪಿಎಸ್ ಸಾಕಿತ್ತು. ಈ ಅಳತೆಯಲ್ಲಿ ನಮ್ಮ ಮೊಬೈಲೂ ಪಾಸಾಗುತ್ತದೆ, ಅದೇ ಬೇಸರ. 2011ರಲ್ಲಿ ಒಪ್ಪಿಗೆ ಸಿಕ್ಕ ಯೋಜನೆ ಈಗಿನ ಭಾರತ್‌ನೆಟ್. ಅದು ಮೊದಲು ಗುರಿ ಇಟ್ಟಿದ್ದು ಫೈಬರನ್ನು ಗ್ರಾಮ ಪಂಚಾಯ್ತಿ ತನಕ ತರಲು. ಅಲ್ಲಿಂದ ಮನೆಯ ತನಕದ ದಾರಿಯೇ ಮಲೆನಾಡಿನಲ್ಲಿ ಕಷ್ಟದ್ದು. ಬಯಲುಸೀಮೆಯಲ್ಲಿ ಒಂದು ಬೀದಿಗೆ ಕೇಬಲ್ ಎಳೆದರೆ ಐವತ್ತು ಮನೆ ಸಿಗುತ್ತವೆ, ಇಲ್ಲಿ ಅಷ್ಟೇ ಕೇಬಲ್‌ಗೆ ಎರಡೋ ಮೂರೋ ಮನೆ. ಆಪರೇಟರ್ ಹಿಂದೆಮುಂದೆ ನೋಡುವುದು ಸಹಜ.

ಹಾಗಾಗಿ ಒಬ್ಬರೇ ಹೋಗಿ ಕೇಳಬೇಡಿ. ನಾವು ಕೇರಿಯ ಮನೆಗಳೆಲ್ಲ ಸೇರಿ ಹೆಸರು ಕೊಟ್ಟ ಮೇಲೆಯೇ ಲೈನ್ ಬಂದದ್ದು. ಕೇಬಲ್ ಹಾದುಹೋಗುವ ದಾರಿಯ ಟೊಂಗೆಗಳನ್ನು ಮಳೆಗಾಲಕ್ಕೆ ಮುಂಚೆ ಕಡಿದುಕೊಡುವ ಕೆಲಸ ನಮ್ಮದು ಅಂತ ಒಪ್ಪಿಕೊಂಡೆವು. ನಾನಂತೂ ಫೈಬರ್ ಇಟ್ಟುಕೊಂಡಿದ್ದೇನೆ, 5ಜಿ ಡಬ್ಬಿ ವಾಪಸ್ ಮಾಡಿದ್ದೇನೆ. ಲಾಸ್ ಲೈಟು ಕೆಂಪಾದ ದಿನಕ್ಕೆ ಅಂತ ಅಟ್ಟದ ಕಿಟಕಿಯಲ್ಲಿ, ಸಿಮ್ ಹಾಕುವ ಒಂದು 4ಜಿ ರೂಟರ್ ಇದೆ. ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಬರೀ ಮಾತಾಡಿದರೆ ಅದು ಸಾಕು.