ಹುಳಿ ಒಂದೇ, ಹೋಳು ಬೇರೆ: ಮೂರಂತಸ್ತಿನ ಕುಕ್ಕರ್ ಡಬ್ಬಿ

ಗಂಡನಿಗೆ ಮೂಲಂಗಿ ಆಗದು, ಹೆಂಡತಿಗೆ ಅದಿಲ್ಲದೆ ಹುಳಿ ರುಚಿಸದು. ಇಂಥ ಮನೆಯಲ್ಲಿ ರಾತ್ರಿ ಎರಡೆರಡು ಅಡುಗೆ ತಪ್ಪಿಸುವ ಸಾಮಾನಿದು: 5 ಲೀಟರ್ ಕುಕ್ಕರಿನೊಳಗೆ ಒಂದರ ಮೇಲೊಂದು ಕೂರುವ ಮೂರು ಸ್ಟೀಲ್ ಡಬ್ಬಿ.

ಕುಕ್ಕರಿನ ತಳಕ್ಕೆ ಎರಡು ಲೋಟ ನೀರು, ಒಂದು ಚೂರು ಹುಣಸೆಹಣ್ಣು. ಅದಿಲ್ಲದಿದ್ದರೆ ಅಲ್ಯೂಮಿನಿಯಂ ಕಪ್ಪಾಗುತ್ತದೆ. ಕೆಳಗಿನ ಡಬ್ಬಿಗೆ ಅರ್ಧ ಲೋಟ ತೊಗರಿಬೇಳೆ, ಒಂದೂಕಾಲು ಲೋಟ ನೀರು, ಚಿಟಿಕೆ ಅರಿಶಿನ. ನಡುವೆ ಅಕ್ಕಿ, ಒಂದಕ್ಕೆ ಎರಡು ನೀರು. ಮೇಲೆ ಇಬ್ಬರೂ ತಿನ್ನುವ ಹುರುಳಿಕಾಯಿ, ಕ್ಯಾರೆಟ್, ನೀರು ಬೇಡ. ಬೇಳೆ ಡಬ್ಬಿ ಅರ್ಧಕ್ಕಿಂತ ಹೆಚ್ಚು ತುಂಬಿದರೆ ಉಕ್ಕಿ ತಳಕ್ಕೆ ಇಳಿಯುತ್ತದೆ. ನಾಲ್ಕು ಕೂಗು ಸಾಕು, ಹಬೆ ತಾನಾಗಿ ಇಳಿಯಲಿ. ಹುಣಸೆರಸ ಬೇಳೆ ಬೆಂದ ಮೇಲೇ; ಮೊದಲೇ ಬಿದ್ದರೆ ಬೇಳೆ ಕರಗುವುದೇ ಇಲ್ಲ. ಹುಳಿ ಕುದಿದ ಮೇಲೆ ಬದನೆ ಒಲ್ಲದವರ ಪಾಲು ತೆಗೆದಿಟ್ಟು, ಬದನೆ ಹೋಳನ್ನು ಒಗ್ಗರಣೆಯಲ್ಲೇ ಬಾಡಿಸಿ ಉಳಿದದ್ದಕ್ಕೆ ಸೇರಿಸಿ. ಬದನೆ ಡಬ್ಬಿಗೆ ಹೋದರೆ ಮುದ್ದೆಯೇ ಸರಿ.

ದೊಡ್ಡ ದೋಷವೆಂದರೆ ಮೂರೂ ಡಬ್ಬಿಗೆ ಹಬೆ ಒಂದೇ. ಮೂಲಂಗಿ ಮೇಲಿಟ್ಟರೆ ಅನ್ನಕ್ಕೂ ಅದರ ವಾಸನೆ. ಸೂಕ್ಷ್ಮ ಮೂಗಿನವರು ತುತ್ತು ಎತ್ತುವ ಮೊದಲೇ ಪತ್ತೆ ಹಚ್ಚುತ್ತಾರೆ. ಮೂಲಂಗಿಯನ್ನು ಪುಟ್ಟ ಪಾತ್ರೆಯಲ್ಲಿ ಉಪ್ಪುನೀರಿಗೆ ಹಾಕಿ ಬೇರೆಯೇ ಬೇಯಿಸಬೇಕು, ಬೇರೆ ದಾರಿಯಿಲ್ಲ.

ಕೊಳ್ಳುವಾಗ ಕುಕ್ಕರಿನ ಒಳಅಗಲ ಅಳೆದುಕೊಂಡು ಹೋಗಿ. ಸುತ್ತ ಒಂದು ಬೆರಳು ಜಾಗ ಬೇಕು. ಅಗಲವಾಗಿ ತಗ್ಗಾಗಿರುವ ಕುಕ್ಕರಿಗೆ ಮೂರನೆಯ ಡಬ್ಬಿ ಹಿಡಿಸದು.