ಸೆಲ್ಫ್ ಮೋಟಾರ್ ಬಿಚ್ಚಿಸುವ ಮೊದಲು ಅರ್ತ್ ವೈರ್ ನೋಡಿಸಿ

ಮೂಡಿಗೆರೆ, ಸಕಲೇಶಪುರದ ಮಳೆಯಲ್ಲಿ ಹಳೆಯ ಡೀಸೆಲ್ ಪಿಕಪ್ ಓಡಿಸುವವರು ಇದನ್ನು ದಯವಿಟ್ಟು ಪೂರ್ತಿ ಓದಬೇಕು. ಇಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರಿನ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ 350 ರೂಪಾಯಿಯ ಒಂದು ಅರ್ತ್ ಕೇಬಲ್ಲಿನ ದೋಷಕ್ಕಾಗಿ ಮೂರು ವಾರಗಳಲ್ಲಿ ನನ್ನ ಕೈಯಿಂದ 24,000 ರೂಪಾಯಿ ಹೋಯಿತು.

ಜನವರಿಯಲ್ಲಿ, ರೋಬಸ್ಟಾ ಕೊಯ್ಲಿನ ನಡುವೆ, ಬೆಳಿಗ್ಗೆ ಆಳುಗಳನ್ನು ಕರೆತರಲು ಹೊರಟು ಕೀ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು ಬಂದು ಗಾಡಿ ಸುಮ್ಮನಾಗುತ್ತಿತ್ತು. ಹೆಡ್‌ಲೈಟ್ ಮಾತ್ರ ಸ್ವಲ್ಪವೂ ಮಂಕಾಗದೆ ಉರಿಯುತ್ತಿತ್ತು. ಬ್ಯಾಟರಿ ಸೋತಿದ್ದರೆ ಸೆಲ್ಫ್ ಹೊಡೆದ ಕೂಡಲೇ ದೀಪ ಕುಗ್ಗುತ್ತದೆ, ಇಲ್ಲವೇ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ಸೊಲೆನಾಯ್ಡ್ ಟಕಟಕ ಬಡಿದುಕೊಳ್ಳುತ್ತದೆ. ದೀಪ ಪ್ರಖರವಾಗಿದ್ದು ಒಂದೇ ಸದ್ದು ಬಂದರೆ ದೋಷ ಸೊಲೆನಾಯ್ಡಿನಲ್ಲಿ, ಮೋಟಾರಿನಲ್ಲಿ ಅಥವಾ ಅದರ ಕೇಬಲ್ಲುಗಳಲ್ಲಿ ಇರುವ ಸಂಭವವೇ ಹೆಚ್ಚು. ಆಗ ನನಗೆ ಇದು ತಿಳಿದಿರಲಿಲ್ಲ.

ನಾನು ಮೊದಲು ಹೋದ ಅಂಗಡಿಯವರು ಮೀಟರನ್ನು ಕೈಗೂ ತೆಗೆದುಕೊಳ್ಳದೆ, ‘ಬ್ಯಾಟರಿ ವೀಕಾಗಿದೆ ಸಾರ್, ಇನ್ನು ಎಳೆಯಲ್ಲ’ ಎಂದು ಹೊಸದನ್ನು ಕೂರಿಸಿದರು. ಹತ್ತು ದಿನಕ್ಕೆ ಅದೇ ಕಥೆ. ಈ ಸಲ ಸೆಲ್ಫ್ ಮೋಟಾರೇ ಹೋಗಿದೆ ಎಂದು ಹೇಳಿ, ರಿಪೇರಿಯಾದ ಇನ್ನೊಂದನ್ನು ಹಾಕಿ, ನನ್ನ ಹಳೆಯದನ್ನು ಇಟ್ಟುಕೊಂಡರು. ಹಾಕಿದ ಮೋಟಾರಿನ ಬೆಂಡಿಕ್ಸ್ (ಇಂಜಿನ್ನನ್ನು ತಿರುಗಿಸುವ ಪುಟ್ಟ ಗೇರ್) ಹಲ್ಲು ಸವೆದಿತ್ತು. ಕೆಲವೇ ದಿನಗಳಲ್ಲಿ ‘ಕರ್‌ರ್’ ಎಂದು ಉಜ್ಜುವ ಸದ್ದು ಶುರುವಾಗಿ ಆ ಹಲ್ಲು ಕಚ್ಚಿಕೊಳ್ಳುವ ರಿಂಗ್ ಗೇರ್, ಅಂದರೆ ಇಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲಿನ ಸುತ್ತಲಿನ ಹಲ್ಲಿನ ಬಳೆ ಕೂಡ ಕೆಟ್ಟಿತು. ರಿಂಗ್ ಗೇರ್ ಬದಲಿಸಬೇಕೆಂದರೆ ಗೇರ್‌ಬಾಕ್ಸ್, ಕ್ಲಚ್ ಎರಡನ್ನೂ ಇಳಿಸಬೇಕು. ಅತಿ ಹೆಚ್ಚು ಹಣ ತಿಂದದ್ದು ಅದೇ.

ಕೊನೆಗೆ ಚಿಕ್ಕಮಗಳೂರಿನ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಬಳಿಗೆ ಒಯ್ದೆ. ಅವರು ಮೊದಲಿಗೆ ಏನನ್ನೂ ಬಿಚ್ಚಲಿಲ್ಲ. ಮಲ್ಟಿಮೀಟರಿನ ಒಂದು ವೈರನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಸೆಲ್ಫ್ ಮೋಟಾರಿನ ಮೈಗೂ ಒತ್ತಿ ಹಿಡಿದು, ನನ್ನಿಂದ ಸೆಲ್ಫ್ ಹೊಡೆಸಿದರು. ಅರ್ಧ ವೋಲ್ಟನ್ನೂ ಮುಟ್ಟಬಾರದ ಜಾಗದಲ್ಲಿ ಮೀಟರ್ 3.4 ತೋರಿಸಿತು. ಅದೇ ಹೊತ್ತಿನಲ್ಲಿ ಬ್ಯಾಟರಿಯ ಕಂಬಗಳ ನಡುವೆ 11 ವೋಲ್ಟಿಗಿಂತ ಹೆಚ್ಚೇ ಇತ್ತು.

‘ಇಂಜಿನ್ ಕೂತಿರೋದು ರಬ್ಬರ್ ಮೇಲೆ ಗೌಡ್ರೆ, ಕರೆಂಟ್ ವಾಪಸ್ ಬರೋಕೆ ದಾರಿ ಬೇಡ್ವಾ?’ ಎನ್ನುತ್ತಾ ಇಂಜಿನ್ನಿನಿಂದ ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ಬರುವ ಅರ್ತ್ ಕೇಬಲ್ ಬಿಚ್ಚಿ ತೋರಿಸಿದರು. ಹೊರಗಿನಿಂದ ಅದು ಚೆನ್ನಾಗಿಯೇ ಕಾಣುತ್ತಿತ್ತು. ಬೋಲ್ಟಿಗೆ ಕೂರುವ ತುದಿಯ ಲಗ್ಗಿನ ಬುಡದಲ್ಲಿ ಹೊದಿಕೆಯನ್ನು ಚಾಕುವಿನಿಂದ ಸೀಳಿದಾಗ ಮಾತ್ರ ತಾಮ್ರದ ಎಳೆಗಳು ಹಸಿರು ಪುಡಿಯಾಗಿ ಉದುರಿದವು. ನಾಲ್ಕೈದು ಎಳೆಗಳಷ್ಟೇ ಉಳಿದಿದ್ದವು. ನೂರಾರು ಆಂಪಿಯರ್ ಕರೆಂಟಿಗೆ ಅಷ್ಟು ದಾರಿ ಸಾಲದು. ಅದು ಸಿಕ್ಕ ದಾರಿಯಲ್ಲಿ, ಆಕ್ಸಿಲರೇಟರ್ ಕೇಬಲ್ಲಿನ ಉಕ್ಕಿನ ತಂತಿಯಲ್ಲೂ ಹರಿದು, ಅದರ ಒಳಗಿನ ಪ್ಲಾಸ್ಟಿಕ್ ಕರಗಿತ್ತು. ಪೆಡಲ್ ಬಿಗಿಯಾಗಿದ್ದುದಕ್ಕೆ ನಾನು ಅಷ್ಟು ದಿನ ಎಣ್ಣೆ ಬಿಡುತ್ತಿದ್ದೆ. ಘಾಟಿಯ ತಿರುವಿನಲ್ಲಿ ಆ ಪೆಡಲ್ ಮೇಲೆ ಬಾರದೆ ಸಿಕ್ಕಿಕೊಂಡಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ಹೀಗಾಗಿ, ಮೋಟಾರ್ ಹೋಗಿದೆ ಎಂದು ಯಾರಾದರೂ ಹೇಳಿದರೆ, ಸೆಲ್ಫ್ ಹೊಡೆಯುತ್ತಿರುವಾಗಲೇ ಅರ್ತ್ ಕಡೆಯ ವೋಲ್ಟೇಜ್ ಅಳೆದು ತೋರಿಸಲು ಕೇಳಿ. ಪ್ಲಸ್ ಕಡೆಯಲ್ಲೂ ಬ್ಯಾಟರಿ ಕಂಬದಿಂದ ಮೋಟಾರಿನ ದಪ್ಪ ಬೋಲ್ಟಿನವರೆಗೆ ಹಾಗೆಯೇ ಅಳೆಸಿ. ಎರಡೂ ಸರಿಯಿದ್ದರೆ ಮಾತ್ರ ಮೋಟಾರ್ ಬಿಚ್ಚಲು ಒಪ್ಪಿ. ಆಗಲೂ ಸೊಲೆನಾಯ್ಡಿನ ತಾಮ್ರದ ಕಾಂಟ್ಯಾಕ್ಟ್ ಅಥವಾ ಕಾರ್ಬನ್ ಬ್ರಷ್ ಬದಲಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸೊಲೆನಾಯ್ಡ್ ಶಾರ್ಟ್ ಮಾಡಲು ಯಾರಿಗೂ ಬಿಡಬೇಡಿ. ಗಾಡಿ ಗೇರಿನಲ್ಲಿದ್ದರೆ ಹಾಗೆಯೇ ಮುಂದಕ್ಕೆ ನುಗ್ಗುತ್ತದೆ.

ನಿಮ್ಮ ಹಳೆಯ ಮೋಟಾರನ್ನು ಮಾತ್ರ ಅಂಗಡಿಯಲ್ಲಿ ಬಿಡಬೇಡಿ. ನಾನು ಕೇಳಲು ಹೋಗುವಷ್ಟರಲ್ಲಿ, ಯಾವ ದೋಷವೂ ಇಲ್ಲದಿದ್ದ ನನ್ನ ಮೋಟಾರ್ ಗುಜರಿಗೆ ಹೋಗಿದೆ ಎಂಬ ಉತ್ತರ ಸಿಕ್ಕಿತು.