ಹಸಿರು ಟಿಕ್ ನೋಡಿ ಗಿರಾಕಿಯನ್ನು ಕಳಿಸಬೇಡಿ

ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಜೋಳ, ಚುರುಮುರಿ, ಟೀ ಇಟ್ಟುಕೊಂಡವರೆಲ್ಲ ಇದನ್ನೊಮ್ಮೆ ಓದಿ. ಗಾಡಿ ಮುಂದೆ ಕೂರುವ ಅಪ್ಪ ಅಮ್ಮನಿಗೆ ಓದಲು ಬರದಿದ್ದರೆ ಮಕ್ಕಳು ಓದಿ ಹೇಳಿ. ಕಳೆದ ಡಿಸೆಂಬರಿನ ಒಂದು ಭಾನುವಾರ ಫೋನಿನಲ್ಲಿ ದುಡ್ಡು ಕಳಿಸಿದ ಹಾಗೆ ಹಸಿರು ಟಿಕ್ ತೋರಿಸಿ ನಮ್ಮವ್ವನಿಗೆ 1,340 ರೂಪಾಯಿ ಟೋಪಿ ಹಾಕಿ ಹೋದರು. ಕಳ್ಳತನ ಅಂದರೆ ದುಡ್ಡಿನ ಡಬ್ಬಿಗೆ ಕೈ ಹಾಕುವುದು ಅಂದುಕೊಂಡಿದ್ದೆ. ಇವರು ನಗುನಗುತ್ತಾ, ಜೋಳಕ್ಕೆ ಇನ್ನೊಂದು ಸಲ ನಿಂಬೆಹಣ್ಣು ಉಜ್ಜಿಸಿಕೊಂಡು, ಕೈ ಬೀಸಿ ಹೋದರು.

ಕೈಮರ ದಾಟಿ ಮೇಲೆ ಹತ್ತುವಾಗ ಸಿಗುವ ಒಂದು ತಿರುವಿನಲ್ಲಿ ನಮ್ಮ ತಳ್ಳುಗಾಡಿ ನಿಲ್ಲುತ್ತದೆ. ಅವ್ವ ಮೊದಲು ಕಾಫಿ ತೋಟಕ್ಕೆ ಹೋಗುತ್ತಿದ್ದಳು. ಮಂಡಿ ನೋವು ಶುರುವಾದ ಮೇಲೆ ಇಳಿಜಾರಿನಲ್ಲಿ ನಿಂತು ಹಣ್ಣು ಕುಯ್ಯಲು ಆಗದೆ ಗಾಡಿ ಇಟ್ಟಳು. 2022ರಲ್ಲಿ ಗಿರಿ ತುಂಬ ನೀಲಕುರಿಂಜಿ ಅರಳಿ ಜನ ಜಾತ್ರೆಯ ಹಾಗೆ ಬಂದರಲ್ಲ, ಆ ಸೀಸನ್ನಿನ ವ್ಯಾಪಾರದಲ್ಲಿ ಗಾಡಿಗೆ ತಗಡಿನ ಚಾವಣಿ ಬಂತು. ನನ್ನ ತಮ್ಮ ಟೌನ್‌ನಲ್ಲಿ ಗ್ಯಾರೇಜ್ ಕೆಲಸಕ್ಕೆ ಹೋಗುತ್ತಾನೆ. ನಾನು ಒಬ್ಬ ಆಡಿಟರ್ ಹತ್ತಿರ ಲೆಕ್ಕ ಬರೆಯುವವಳು, ಶನಿವಾರ ಭಾನುವಾರ ಗಾಡಿ ಹತ್ತಿರ ಇರುತ್ತೇನೆ. ಅಂದರೆ ಲೆಕ್ಕ ಬರೆಯುವವಳ ಕಣ್ಣೆದುರೇ ಇದು ಆಗಿದ್ದು.

ಆ ದಿನದ ವಿಷಯಕ್ಕೆ ಮೊದಲು, ಗಿರಾಕಿಗಳು ನಮ್ಮ ಜೊತೆ ಹೇಗಿರುತ್ತಾರೆ ಅನ್ನುವುದನ್ನು ಹೇಳಲೇಬೇಕು. ಇಲ್ಲದಿದ್ದರೆ ಟೋಪಿ ಹಾಕಿದ ಹುಡುಗನ ಆಟ ಯಾಕೆ ನಡೆಯಿತು ಅಂತ ನಿಮಗೆ ಅರ್ಥ ಆಗುವುದಿಲ್ಲ.

ಕಾರು ನಿಲ್ಲುತ್ತದೆ. ಗಾಜು ನಾಲ್ಕು ಬೆರಳಷ್ಟು ಇಳಿಯುತ್ತದೆ. ಹಾರ್ನ್ ಎರಡು ಸಲ. ಒಳಗಿಂದ ಒಂದು ಕೈ ಬಂದು ಎರಡು ಬೆರಳು ತೋರಿಸುತ್ತದೆ, ಅಂದರೆ ಎರಡು ಜೋಳ. ಅವ್ವ ಮಂಡಿ ಹಿಡಿದುಕೊಂಡು ಎದ್ದು ಹೋಗಿ ಕೊಡಬೇಕು. ರೇಟು ಹೇಳಿದರೆ, 'ಏನಮ್ಮಾ, ಒಂದು ಜೋಳಕ್ಕೆ ಐವತ್ತಾ? ನಮ್ ಏರಿಯಾದಲ್ಲಿ ಮೂವತ್ತು.' ಅವರ ಏರಿಯಾದಲ್ಲಿ ಇದ್ದಿಲಿನ ಮೂಟೆಯನ್ನು ಸ್ಕೂಟರಿನಲ್ಲಿ ಇಟ್ಟುಕೊಂಡು ಘಾಟಿ ಹತ್ತಬೇಕಾ? ಹೋಮ್‌ಸ್ಟೇಗೆ ರಾತ್ರಿಗೆ ನಾಲ್ಕು ಸಾವಿರ ಕೊಟ್ಟು ಬಂದಿರುತ್ತಾರೆ, ಅಲ್ಲಿ ಚೌಕಾಸಿ ಇಲ್ಲ. ನಮ್ಮ ಹತ್ತಿರ ಇಪ್ಪತ್ತು ರೂಪಾಯಿ ಇಳಿಸಿದರೆ ಗೆದ್ದ ಮುಖ.

ಫೋಟೋದವರು ಬೇರೆ. 'ಆಂಟಿ, ಬೀಸಣಿಗೆ ಬೀಸ್ತಾ ಇರಿ, ಈ ಕಡೆ ನೋಡ್ಬೇಡಿ.' ತೆಗೆದುಕೊಳ್ಳುವುದು ಫೋಟೋ ಮಾತ್ರ, ಜೋಳ ಅಲ್ಲ. ಅರ್ಧ ತಿಂದು ಖಾರ ಕಡಿಮೆ ಅಂತ ವಾಪಸ್ ಕೊಟ್ಟವರೂ ಇದ್ದಾರೆ. ಒಳ್ಳೆಯವರೂ ಬರುತ್ತಾರೆ, ಬರುವುದಿಲ್ಲ ಅಂತಲ್ಲ. ದುಡ್ಡು ಕಳಿಸಿ, 'ಬಂತಾ ನೋಡಿ' ಅಂತ ನಿಂತು, ನಾವು ತಲೆಯಾಡಿಸಿದ ಮೇಲೆ ಗಾಡಿ ಸ್ಟಾರ್ಟ್ ಮಾಡುವವರು. ಅಂಥವರು ಬಂದ ದಿನ ಅವ್ವ ಮನೆಗೆ ಬಂದು ಹೇಳಿಕೊಳ್ಳುತ್ತಾಳೆ.

ನಾನೇನು ದೊಡ್ಡ ಸಾಚಾ ಅಲ್ಲ. ಎರಡು ವರ್ಷದ ಹಿಂದೆ ಆಫೀಸಿನವರ ಜೊತೆ ಗೋಕರ್ಣಕ್ಕೆ ಹೋಗಿದ್ದೆ. ಓಂ ಬೀಚಿನಲ್ಲಿ ಚಾಪೆ ಹಾಸಿ ಕೂತಿದ್ದಾಗ ಮಣಿಸರ, ಕಾಲ್ಗೆಜ್ಜೆ ಹಿಡಿದ ಲಂಬಾಣಿ ಹೆಂಗಸೊಬ್ಬರು ಬಂದರು. ಮೊದಲ ಸಲ 'ಬೇಡ' ಅಂದೆ. ಎರಡನೇ ಸಲ 'ಬೇಡ ಅಂದ್ನಲ್ಲಾ' ಅಂದೆ. ಮೂರನೇ ಸಲ ಮಾತೂ ಆಡಲಿಲ್ಲ, ಮುಖವನ್ನೂ ನೋಡಲಿಲ್ಲ, ನೊಣ ಓಡಿಸುವ ಹಾಗೆ ಕೈ ಅಲ್ಲಾಡಿಸಿದೆ. ಸಮುದ್ರ ನೋಡಲು ಬಂದಿದ್ದೇನೆ, ಇವರು ಅಡ್ಡ ಬರುತ್ತಿದ್ದಾರೆ ಅನ್ನಿಸಿತ್ತು. ಉರಿಬಿಸಿಲಿನಲ್ಲಿ ಅವರು ಆ ಮರಳಿನ ಮೇಲೆ ಎಷ್ಟನೇ ಸುತ್ತು ನಡೆಯುತ್ತಿದ್ದರೋ. ರಜೆಗೆ ಹೋದವರಿಗೆ ಮಾರುವವರು ಮನುಷ್ಯರ ಹಾಗೆ ಕಾಣುವುದು ಸ್ವಲ್ಪ ಕಷ್ಟ. ಗಿರಿಯಲ್ಲೂ ಅಷ್ಟೇ, ಕಡಲಲ್ಲೂ ಅಷ್ಟೇ.

ಇನ್ನು ಆ ಭಾನುವಾರ. ಸಂಜೆ ಐದು ಆಗಿತ್ತು, ಮಂಜು ಇಳಿದು ಎದುರಿನ ತಿರುವೇ ಕಾಣುತ್ತಿರಲಿಲ್ಲ. ಮಧ್ಯಾಹ್ನದ ಪಾಳಿಯಲ್ಲಿ ಹತ್ತಿದ ಗಾಡಿಗಳೆಲ್ಲ ಇಳಿಯುವ ಹೊತ್ತು, ನಮಗೆ ಕೈ ತುಂಬ ಕೆಲಸ. ಒಂದು ಬಿಳಿ ಕಾರು ನಿಂತಿತು, ಆರು ಜನ. ಇವರು ಗಾಜು ಇಳಿಸಲಿಲ್ಲ, ಕಾರಿಂದಲೇ ಇಳಿದು ಬಂದರು. ಅದರಲ್ಲೊಬ್ಬ ಹುಡುಗ, ಇಪ್ಪತ್ತೈದು ಇರಬಹುದು, ಒಳ್ಳೆ ಕನ್ನಡ. ಅವ್ವನ ಕೈಯಿಂದ ಬೀಸಣಿಗೆ ಇಸಕೊಂಡು, 'ನೀವು ಕೂತ್ಕೊಳಿ ಅಮ್ಮಾ' ಅಂತ ತಾನೇ ಇದ್ದಿಲಿಗೆ ಗಾಳಿ ಹಾಕಿದ. ಕಿಡಿ ಎದ್ದಾಗ ಮಕ್ಕಳ ಹಾಗೆ ಹಿಂದೆ ಹಾರಿದ. ಅವ್ವನಿಗೆ ನಗುವೋ ನಗು.

'ನಿಮ್ಮ ಹೆಸರೇನಮ್ಮಾ?' ಅಂದ.

ಗಾಡಿ ಇಟ್ಟು ಇಷ್ಟು ವರ್ಷವಾಯಿತು, ಅವ್ವ ಎಲ್ಲರಿಗೂ ಆಂಟಿ, ಅಜ್ಜಿ, ಇಲ್ಲವೇ 'ಹಲೋ'. ಹೆಸರು ಕೇಳಿದ ಗಿರಾಕಿ ನನಗೆ ನೆನಪಿರುವ ಮಟ್ಟಿಗೆ ಇವನೇ ಮೊದಲು. ಅವ್ವ ಸೆರಗು ಸರಿಮಾಡಿಕೊಂಡು, ರೇಷನ್ ಕಾರ್ಡಿನಲ್ಲಿ ಇರುವ ಹಾಗೆ ಪೂರ್ತಿ ಹೆಸರು ಹೇಳಿದಳು. ಅವನು ಅದನ್ನು ಇನ್ನೊಂದು ಸಲ ಹೇಳಿಸಿಕೊಂಡ, ಚೆನ್ನಾಗಿದೆ ಅಂದ.

ಆರು ಜೋಳ, ನಾಲ್ಕು ಚುರುಮುರಿ, ಆರು ಟೀ, ಎರಡು ಬಾಟಲಿ ಜೇನುತುಪ್ಪ. 1,340 ಆಯಿತು. ಚೌಕಾಸಿ ಮಾಡಲೇ ಇಲ್ಲ, ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಗಾಡಿಯ ಕಂಬಕ್ಕೆ ಕಟ್ಟಿದ ಕ್ಯೂಆರ್ ಕೋಡಿಗೆ ಫೋನ್ ಹಿಡಿದ, ಏನೋ ಒತ್ತಿದ, ಅವ್ವನ ಮುಂದೆ ಹಿಡಿದ. ದೊಡ್ಡ ಹಸಿರು ಟಿಕ್. ಕೆಳಗೆ ಅವ್ವನ ಹೆಸರು, 1,340, ಸಮಯ. 'ಟಿಂಗ್' ಅಂತ ಸದ್ದೂ ಬಂತು, ಅವನ ಫೋನಿಂದ. ನಮ್ಮ ಸೌಂಡ್‌ಬಾಕ್ಸ್ ಮಾತ್ರ ಮಾತಾಡಲಿಲ್ಲ.

'ಬಾಕ್ಸಲ್ಲಿ ಬರ್ಲಿಲ್ಲ, ಸ್ವಲ್ಪ ಇರಿ' ಅಂದೆ.

ಅವನ ಮುಖ ಅಲ್ಲೇ ಬದಲಾಯಿತು. ಕಾರಿನ ಹತ್ತಿರ ಹೋಗಿದ್ದವರೂ ತಿರುಗಿ ನೋಡಿದರು. 'ಇಲ್ಲಿ ನೆಟ್‌ವರ್ಕ್ ಇಲ್ಲ ಅಲ್ವಾ ಮೇಡಂ, ಬಾಕ್ಸ್ ಹೇಗೆ ಮಾತಾಡುತ್ತೆ? ಸಾವಿರದ ಮುನ್ನೂರು ರೂಪಾಯಿಗೆ ಮೋಸ ಮಾಡೋರ ಥರ ಕಾಣ್ತೀವಾ ನಾವು?'

ನಾನು ಉತ್ತರ ಕೊಡುವ ಮೊದಲೇ ಅವ್ವ ನನ್ನನ್ನೇ ಗದರಿದಳು. 'ಸುಮ್ನಿರೇ, ಹಂಗೆಲ್ಲ ಕೇಳ್ತಾರಾ? ಹೆಸರೇ ತೋರಿಸ್ತಲ್ಲ.' ನನಗೂ ಮುಖ ಬಿಸಿಯಾಯಿತು. 'ಸಾರಿ' ಅಂದೆ. ಹೌದು, ನಾನೇ ಸಾರಿ ಕೇಳಿದೆ. ಅವನು ದೊಡ್ಡ ಮನಸ್ಸು ಮಾಡಿದವನ ಹಾಗೆ 'ಪರ್ವಾಗಿಲ್ಲ' ಅಂದು ಹೋದ.

ಅವ್ವ ಕಾರ್ಡ್‌ಬೋರ್ಡಿನ ತುಂಡಿನ ಮೇಲೆ ಇದ್ದಿಲಿನಿಂದ ಫೋನ್ ದುಡ್ಡಿನ ಲೆಕ್ಕ ಗೀಚಿ ಇಡುತ್ತಾಳೆ. ರಾತ್ರಿ ತಮ್ಮ ಬಂದು ಮೊಬೈಲ್ ನೋಡಿ ಒಂದೊಂದೇ ಮೊತ್ತ ಓದುತ್ತಾನೆ, ಅವ್ವ ಒಂದೊಂದೇ ಗೀಟು ಹೊಡೆಯುತ್ತಾಳೆ. ಅವತ್ತು ಎಲ್ಲ ಗೀಟು ಬಿದ್ದ ಮೇಲೂ ಒಂದು ಉಳಿಯಿತು. ಇನ್ನೊಂದು ಸಲ ಓದಿದ. ಆಮೇಲೆ ಕೇಳಿದ, 'ಯಾರ ಹೆಸರು ತೋರಿಸ್ತು?'

'ನಂದೇ ಕಣೋ' ಅಂದಳು ಅವ್ವ.

'ನಿನ್ನ ಹೆಸರು ಹೆಂಗೆ ಬರುತ್ತವ್ವ? ಖಾತೆ ಇರೋದು ನನ್ನ ಹೆಸರಲ್ಲಿ.'

ನಮ್ಮ ಕ್ಯೂಆರ್ ಕೋಡನ್ನು ಯಾರೇ ಸ್ಕ್ಯಾನ್ ಮಾಡಿದರೂ ಬರುವುದು ತಮ್ಮನ ಹೆಸರು. ಅವ್ವನಿಗೆ ಫೋನ್ ಪೇಮೆಂಟಿನ ಖಾತೆಯೇ ಇಲ್ಲ. ಆ ಹುಡುಗ ಹೆಸರು ಕೇಳಿದ್ದು ಟೈಪ್ ಮಾಡುವುದಕ್ಕೆ. ಎರಡನೇ ಸಲ ಹೇಳಿಸಿಕೊಂಡದ್ದು ಕಾಗುಣಿತ ತಪ್ಪದಿರಲಿ ಅಂತ.

ಇದು ನಕಲಿ ಆ್ಯಪ್. ನೋಡಲು ಥೇಟ್ ನಾವು ಬಳಸುವ ಆ್ಯಪಿನ ಹಾಗೇ ಇರುತ್ತದೆ. ಹೆಸರು, ಮೊತ್ತ ಒತ್ತಿದರೆ ಹಸಿರು ಟಿಕ್ ಬರುತ್ತದೆ, ಸದ್ದು ಬರುತ್ತದೆ, 12 ಅಂಕಿಯ ವ್ಯವಹಾರ ಸಂಖ್ಯೆಯೂ ಬರುತ್ತದೆ. ಯಾವ ಬ್ಯಾಂಕಿಗೂ ಅದು ಹೋಗುವುದೇ ಇಲ್ಲ, ಬರೀ ಚಿತ್ರ. ಆದ್ದರಿಂದ ಅವರ ಫೋನ್ ಪರದೆಯನ್ನು ನೋಡಲೇಬೇಡಿ, ಎಷ್ಟೇ ಹತ್ತಿರ ತಂದು ಹಿಡಿದರೂ. ನೋಡಬೇಕಾದದ್ದು ನಿಮ್ಮ ಫೋನಿನ ಆ್ಯಪಿನಲ್ಲಿ ಇರುವ ಪಟ್ಟಿಯನ್ನು. ಮೆಸೇಜನ್ನೂ ನಂಬಬೇಡಿ, ಬ್ಯಾಂಕಿನದೇ ಅನ್ನಿಸುವ ಸುಳ್ಳು ಮೆಸೇಜ್ ಕಳಿಸುವವರಿದ್ದಾರೆ. ಖಾತೆ ಮಗನದೋ ಗಂಡನದೋ ಆಗಿದ್ದು ಅವರು ಊರಲ್ಲಿ ಕೂತಿದ್ದರೆ ನಮ್ಮ ಗತಿಯೇ ನಿಮಗೂ. ನಾವು ಈಗ ಗಾಡಿ ಹತ್ತಿರವೇ ಇರುವ ಫೋನಿಗೆ ಖಾತೆ ಮಾಡಿಸಿದ್ದೇವೆ. ಸೌಂಡ್‌ಬಾಕ್ಸಿನ ಒಳಗೂ ಒಂದು ಸಿಮ್ ಇರುತ್ತದೆ, ನಿಮ್ಮ ಜಾಗದಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಅಂತ ನೋಡಿಯೇ ತೆಗೆದುಕೊಳ್ಳಿ. ನಾವು ಅದನ್ನು ಕೇಳಲೇ ಇಲ್ಲ. ಮಂಜು ಕವಿದ ದಿನ ಸಿಗ್ನಲ್ ಪೂರಾ ಸತ್ತಿದ್ದರೆ ನಗದು ಮಾತ್ರ ಅಂತ ರಟ್ಟಿನ ಮೇಲೆ ಬರೆದು ನೇತು ಹಾಕಿ. ನಾಲ್ಕು ಗಿರಾಕಿ ಹೋದರೆ ಹೋಗಲಿ.

ಮಾರನೇ ದಿನ 1930ಕ್ಕೆ ಫೋನ್ ಮಾಡಿದೆವು. ಸೈಬರ್ ವಂಚನೆಗೆ ದೇಶಕ್ಕೆಲ್ಲ ಒಂದೇ ನಂಬರ್ ಅದು. ನೆನಪಿಡುವುದು ನಮ್ಮ ಜಿಲ್ಲೆಯವರಿಗೆ ಸುಲಭ, ಮುಳ್ಳಯ್ಯನಗಿರಿ ಎಷ್ಟು ಮೀಟರ್ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರಲ್ಲ, ಅಷ್ಟೇ. ನಿಮ್ಮ ಖಾತೆಯಿಂದ ದುಡ್ಡು ಹಾರಿದ್ದರೆ ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು, ಮುಂದಿನ ಖಾತೆಯಲ್ಲಿ ತಡೆಯಲು ಆಗುತ್ತದೆ. ನಮ್ಮದರಲ್ಲಿ ದುಡ್ಡು ಹೋಗಿಯೂ ಇಲ್ಲ, ಬಂದೂ ಇಲ್ಲ, ಹೋಗಿದ್ದು ಜೋಳ ಮತ್ತು ಜೇನುತುಪ್ಪ. ತಡೆಹಿಡಿಯುವುದು ಏನನ್ನು? ಪೊಲೀಸರಿಗೆ ದೂರು ಬರೆದುಕೊಟ್ಟೆವು. ಬಾಯಲ್ಲಿ ಇನ್ನೂ 420 ಅನ್ನುತ್ತೇವೆ, 2024ರ ಜುಲೈನಿಂದ ವಂಚನೆಯ ಕಲಂ ಭಾರತೀಯ ನ್ಯಾಯ ಸಂಹಿತೆಯ 318. ಅವರು ಕೇಳಿದ ಮೊದಲ ಪ್ರಶ್ನೆಗೇ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಗಾಡಿ ನಂಬರ್ ಎಷ್ಟು?

ಅದೊಂದು ಇದ್ದಿದ್ದರೆ ಸಾಕಿತ್ತು. 2025ರ ಸೆಪ್ಟೆಂಬರಿನಿಂದ ಗಿರಿಗೆ ಹತ್ತುವ ಗಾಡಿಗಳೆಲ್ಲ ಮೊದಲೇ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಸಿಕೊಂಡೇ ಬರಬೇಕು, ಪಾಳಿಗೆ 600ರ ಹಾಗೆ ದಿನಕ್ಕೆ 1,200. ನಂಬರ್ ಕೊಟ್ಟಿದ್ದರೆ ಹೆಸರು ಸಿಗುತ್ತಿತ್ತೋ ಏನೋ. ನಾವು ಹೇಳಿದ್ದು 'ಬಿಳಿ ಕಾರು'. ಭಾನುವಾರ ಗಿರಿಯಲ್ಲಿ ಬಿಳಿ ಕಾರು! ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಇನ್ನು ಮುಂದೆ ಐನೂರು ದಾಟಿದ ವ್ಯಾಪಾರಕ್ಕೆಲ್ಲ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿಯನ್ನಾದರೂ ಗೀಚಿಕೊಳ್ಳಿ. ನಮ್ಮ ಕಾರ್ಡ್‌ಬೋರ್ಡಿನಲ್ಲಿ ಈಗ ಮೊತ್ತದ ಪಕ್ಕ ಅದೂ ಇರುತ್ತದೆ.

ವಿಷಯ ಬಾಯಿಂದ ಬಾಯಿಗೆ ಹರಡಿದ ಮೇಲೆ ಬೇರೆಯವರೂ ಹೇಳಿಕೊಳ್ಳಲು ಶುರು ಮಾಡಿದರು. ನಮ್ಮಿಂದ ಕೆಳಗೆ ಅನಾನಸ್ ಹೋಳು ಮಾರುವವರ ಕ್ಯೂಆರ್ ಮೇಲೆ ರಾತ್ರಿ ಯಾರೋ ಬೇರೆ ಸ್ಟಿಕ್ಕರ್ ಅಂಟಿಸಿ, ಮಾರನೇ ದಿನ ಮಧ್ಯಾಹ್ನದವರೆಗಿನ ದುಡ್ಡು ಯಾರದೋ ಖಾತೆಗೆ ಹೋಗಿತ್ತು. ಬೆಳಗ್ಗೆ ಗಾಡಿ ತೆರೆದ ಕೂಡಲೇ ಉಗುರಿನಲ್ಲಿ ಅಂಚು ಕೆರೆದು ನೋಡಿ. ಶ್ರವಣಬೆಳಗೊಳದಲ್ಲಿ ಬೆಟ್ಟದ ಬುಡದಲ್ಲಿ ಕಾಲುಚೀಲ ಮಾರುವ ನಮ್ಮ ನೆಂಟರೊಬ್ಬರಿಗೆ ಇನ್ನೊಂದು ಥರ. 'ಇನ್ನೂರು ಹಾಕೋಕೆ ಹೋಗಿ ಎರಡು ಸಾವಿರ ಹಾಕ್ಬಿಟ್ಟೆ ಅಣ್ಣಾ, ಉಳಿದಿದ್ದು ಕ್ಯಾಶ್ ಕೊಡಿ' ಅಂದಿದ್ದಾರೆ, ಪರದೆ ತೋರಿಸಿ. ಪಾಪ, 1,800 ಎಣಿಸಿ ಕೊಟ್ಟಿದ್ದಾರೆ. ದುಡ್ಡು ಬರುವುದಕ್ಕೆ ನಿಮ್ಮ ಪಿನ್ ಬೇಕಿಲ್ಲ, ಯಾರಾದರೂ ಒತ್ತಿ ಅಂದರೆ ಫೋನ್ ಒಳಗಿಡಿ.

ಇವರೆಲ್ಲರೂ ಒಂದು ಮಾತು ಹೇಳಿದರು, ಬೇರೆ ಬೇರೆ ರೀತಿಯಲ್ಲಿ. ಅನುಮಾನ ಬಂದಿತ್ತು, ಕೇಳಲು ಮುಜುಗರ ಆಯಿತು. ಅದೇ ಆಗುವುದು. ವರ್ಷವಿಡೀ ನಾಲ್ಕು ಬೆರಳು ಗಾಜು ಇಳಿಸಿ ಮಾತಾಡಿಸಿಕೊಂಡವರಿಗೆ, ಕಾರಿನವರನ್ನು ಎರಡನೇ ಸಲ ಕೇಳುವ ಬಾಯೇ ಇರುವುದಿಲ್ಲ. 'ನಮ್ಮನ್ನು ನಂಬಲ್ವಾ' ಅಂದ ಕೂಡಲೇ ತಪ್ಪು ನಮ್ಮದೇ ಅನ್ನಿಸುತ್ತದೆ. ಕಳ್ಳರಿಗೆ ಅದು ಗೊತ್ತು, ಆ್ಯಪಿಗಿಂತ ಚೆನ್ನಾಗಿ ಅವರಿಗೆ ಬಳಸಲು ಬರುವುದು ಅದೇ. ಆದ್ದರಿಂದ ಗಿರಿಗೆ, ಬೇಲೂರಿಗೆ, ಹಳೇಬೀಡಿಗೆ, ಕಡಲಿಗೆ ಹೋಗುವ ನೆಟ್ಟಗಿನ ಜನರಲ್ಲಿ ನನ್ನದೊಂದು ಕೋರಿಕೆ. ದುಡ್ಡು ಬಂದಿದೆಯಾ ಅಂತ ನಾವು ನೋಡುವವರೆಗೆ ಅರ್ಧ ನಿಮಿಷ ನಿಲ್ಲಿ, ಬೇಜಾರು ಮಾಡಿಕೊಳ್ಳಬೇಡಿ. ನೀವು ಮಾಲ್‌ನಲ್ಲಿ ಬಿಲ್ ಪ್ರಿಂಟ್ ಆಗುವವರೆಗೆ ನಿಲ್ಲುತ್ತೀರಲ್ಲ.

ಹೋದ ತಿಂಗಳು ಕಾರಿನಲ್ಲಿ ಬಂದ ಹುಡುಗಿಯೊಬ್ಬಳು ಎರಡು ಜೋಳ ತೆಗೆದುಕೊಂಡು, ಅಲ್ಲೇ ಕಲ್ಲಿನ ಮೇಲೆ ಕೂತು ತಿಂದು, 'ಅಮ್ಮಾ, ನಿಮ್ಮ ಹೆಸರೇನು?' ಅಂದಳು.

'ಯಾಕೆ?' ಅಂದಳು ಅವ್ವ.

ಹುಡುಗಿ ಗಲಿಬಿಲಿಯಾಗಿ, 'ಸುಮ್ನೆ ಕೇಳ್ದೆ' ಅಂದು ಪರ್ಸಿನಿಂದ ನೂರರ ನೋಟು ತೆಗೆದುಕೊಟ್ಟು ಹೋದಳು. ಅವ್ವ ನೋಟನ್ನು ಬೆಳಕಿಗೆ ಹಿಡಿದು ನೋಡಿ ಡಬ್ಬಿಗೆ ಹಾಕಿದಳು. ಸ್ವಲ್ಪ ಹೊತ್ತು ಬೀಸಣಿಗೆ ಬೀಸಿ, 'ಹೇಳ್ಬೋದಿತ್ತೇನೋ ಅಲ್ವೇನೇ' ಅಂದಳು. ಅಷ್ಟರಲ್ಲಿ ಇನ್ನೊಂದು ಕಾರು ಬಂದು ನಿಂತು ಎರಡು ಸಲ ಹಾರ್ನ್ ಹೊಡೆಯಿತು.